ಟಾಲುಯಿನ್ ದ್ರಾವಕ: ಸುರಕ್ಷಿತ ಬಳಕೆ ಮತ್ತು ತುರ್ತು ಸಂದರ್ಭಗಳಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(ಕೈಗಾರಿಕಾ ಘಟಕಗಳ ನೋಂದಣಿ ಮತ್ತು ಪರವಾನಗಿ ಕೋರಿ ಅರ್ಜಿ ಸಲ್ಲಿಸುವವರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪರಿಚಯ

ಬಣ್ಣ, ವಾರ್ನಿಷ್, ಅಂಟು, ಮುದ್ರಣ ಶಾಯಿ, ರಬ್ಬರ್ ಸಾಮಗ್ರಿ ಹಾಗೂ ಔಷಧ ತಯಾರಿಕೆಯಲ್ಲಿ ಟಾಲುಯಿನ್ ಎಂಬ ದ್ರಾವಕವು ವ್ಯಾಪಕವಾಗಿ ಬಳಕೆಯಲ್ಲಿದೆ. ದೊಡ್ಡ ಕಾರ್ಖಾನೆಗಳು ಇದನ್ನು ಟ್ಯಾಂಕರ್‌ಗಳಲ್ಲಿ ತರಿಸಿಕೊಳ್ಳುತ್ತವೆ. ಪೀಣ್ಯ, ಬೊಮ್ಮಸಂದ್ರ, ಹೆಬ್ಬಾಳ, ಬೈಕಂಪಾಡಿ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿರುವಂತಹ ಸಣ್ಣ ಘಟಕಗಳಿಗೆ ಇದು 200 ಲೀಟರ್ ಡ್ರಮ್ಮುಗಳಲ್ಲಿ ಬರುತ್ತದೆ. ಬಣ್ಣ ಬಳಿಯುವ ಕೆಲಸದಲ್ಲಿ ಬಳಸುವ ಹಲವು ಬಗೆಯ ಥಿನ್ನರ್‌ಗಳಲ್ಲಿ ಟಾಲುಯಿನ್ ಒಂದು ಪ್ರಮುಖ ಅಂಶವಾಗಿರುತ್ತದೆ.

ನಿತ್ಯ ಬಳಕೆಯಲ್ಲಿರುವ ಕಾರಣದಿಂದಲೇ ಇದರ ಬಗ್ಗೆ ಭಯವೂ ಎಚ್ಚರವೂ ಕಡಿಮೆಯಾಗಿರುವುದು ಕಂಡುಬರುತ್ತದೆ. ಘಟಕದ ನಕ್ಷೆ ಅನುಮೋದನೆಗಾಗಲೀ ನೋಂದಣಿಗಾಗಲೀ ಸಲ್ಲಿಸುವ ಅರ್ಜಿಯೊಡನೆ ಲಗತ್ತಿಸುವ ಸುರಕ್ಷತಾ ವಿವರಗಳು ಬೇರೊಂದು ಘಟಕದ ಕಡತದಿಂದ ನಕಲು ಮಾಡಿದ ಹಾಳೆಗಳಾಗಿದ್ದಲ್ಲಿ, ಅವುಗಳಿಂದ ಕಾರ್ಮಿಕರಿಗಾಗಲೀ ನೆರೆಹೊರೆಯವರಿಗಾಗಲೀ ರಕ್ಷಣೆ ದೊರೆಯುವುದಿಲ್ಲ. ಆದ್ದರಿಂದ ಟಾಲುಯಿನ್ ಏಕೆ ಮತ್ತು ಯಾವ ಹಂತದಲ್ಲಿ ಅಪಾಯಕಾರಿಯಾಗುತ್ತದೆ, ಅಪಾಯ ಒದಗಿದಾಗ ಮೊದಲು ಏನು ಮಾಡತಕ್ಕದ್ದು ಎಂಬುದನ್ನು ಅಧಿಭೋಗದಾರರು, ಮೇಲ್ವಿಚಾರಕರು ಮತ್ತು ಕಾರ್ಮಿಕರು ಎಲ್ಲರೂ ತಿಳಿದಿರುವುದು ಅಗತ್ಯ.

ಟಾಲುಯಿನ್‌ನ ಮುಖ್ಯ ಗುಣಲಕ್ಷಣಗಳು

ಟಾಲುಯಿನ್ ಬಣ್ಣವಿಲ್ಲದ, ತೆಳುವಾದ, ಥಿನ್ನರ್‌ನ ವಾಸನೆಯುಳ್ಳ ದ್ರವ. ಸುರಕ್ಷತೆಯ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು ಇಂತಿವೆ:

1. ಜ್ವಲನ ಬಿಂದು: ಸುಮಾರು 4 ಡಿಗ್ರಿ ಸೆಲ್ಷಿಯಸ್. ಅಂದರೆ ರಾಜ್ಯದ ಯಾವುದೇ ಭಾಗದಲ್ಲಿ ಸಾಮಾನ್ಯವಾಗಿ ಚಳಿಗಾಲದ ಮುಂಜಾನೆಯಲ್ಲಿಯೂ ಇದರ ಮೇಲ್ಮೈಯಿಂದ ಹೊರಬರುವ ಆವಿಯು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ.
2. ಕುದಿಯುವ ಬಿಂದು: ಸುಮಾರು 111 ಡಿಗ್ರಿ ಸೆಲ್ಷಿಯಸ್.
3. ದಹನ ಮಿತಿಗಳು: ಗಾಳಿಯಲ್ಲಿ ಆವಿಯ ಪ್ರಮಾಣವು ಶೇಕಡಾ 1.1ರಿಂದ 7.1ರವರೆಗೆ ಇದ್ದಾಗ ಮಿಶ್ರಣವು ಹೊತ್ತಿಕೊಳ್ಳಬಲ್ಲದು.
4. ಆವಿಯ ಸಾಂದ್ರತೆ: ಗಾಳಿಗಿಂತ ಸುಮಾರು 3 ಪಟ್ಟು ಅಧಿಕ.
5. ದ್ರವದ ಸಾಂದ್ರತೆ: ನೀರಿನ ಸಾಂದ್ರತೆಯ ಸುಮಾರು 0.87ರಷ್ಟು. ನೀರಿನಲ್ಲಿ ಕರಗದೆ ಅದರ ಮೇಲೆ ತೇಲುತ್ತದೆ.
6. ವಿದ್ಯುದ್ವಾಹಕತೆ: ಅತ್ಯಲ್ಪ. ಹರಿಯುವಾಗ ಉಂಟಾಗುವ ಸ್ಥಿರ ವಿದ್ಯುತ್ತು ದ್ರವದಲ್ಲಿಯೇ ಶೇಖರಗೊಳ್ಳುತ್ತದೆ.
7. ವಿಶ್ವಸಂಸ್ಥೆಯ ಗುರುತಿನ ಸಂಖ್ಯೆ: 1294.

ಅಪಾಯದ ಮೂಲ: ಕಣ್ಣಿಗೆ ಕಾಣದ ಆವಿ

ಉರಿಯುವುದು ದ್ರವದಿಂದ ಹೊರಟ ಆವಿ. ಈ ಒಂದು ಸಂಗತಿಯನ್ನು ಅರಿತರೆ ಮುಂದೆ ಹೇಳಿರುವ ಎಲ್ಲ ಸೂಚನೆಗಳ ಕಾರಣವೂ ತಿಳಿಯುತ್ತದೆ.

1 ಲೀಟರ್ ಟಾಲುಯಿನ್ ಪೂರ್ಣವಾಗಿ ಆವಿಯಾದರೆ ಸುಮಾರು 230 ಲೀಟರ್ ಆವಿ ಉಂಟಾಗುತ್ತದೆ. ಈ ಆವಿಯು ಗಾಳಿಯೊಡನೆ ಬೆರೆತು ಶೇಕಡಾ 1.1ರ ಮಟ್ಟಕ್ಕೆ ಬಂದಾಗ ಸುಮಾರು 20 ಘನ ಮೀಟರ್ ಗಾಳಿಯು ಹೊತ್ತಿಕೊಳ್ಳಬಲ್ಲ ಮಿಶ್ರಣವಾಗುತ್ತದೆ. ಇದು 10 ಅಡಿ ಉದ್ದ, 10 ಅಡಿ ಅಗಲದ ಕೊಠಡಿಯನ್ನು 7 ಅಡಿ ಎತ್ತರದವರೆಗೆ ತುಂಬುವಷ್ಟು ಪ್ರಮಾಣ. ಒಂದು ಲೀಟರ್ ಚೆಲ್ಲಿಹೋಗುವುದು ಕೆಲಸದ ಸ್ಥಳದಲ್ಲಿ ದೊಡ್ಡ ಸಂಗತಿಯೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಗಾಳಿಯಾಡದ ಸಣ್ಣ ಕೊಠಡಿಯೊಂದನ್ನು ಸ್ಫೋಟಕ್ಕೆ ಸಿದ್ಧಗೊಳಿಸಲು ಅಷ್ಟೇ ಸಾಕಾಗುತ್ತದೆ.

ಆವಿಯು ಗಾಳಿಗಿಂತ ಭಾರವಾಗಿರುವುದರಿಂದ ಮೇಲೇರದೆ ನೆಲದ ಮಟ್ಟದಲ್ಲಿ ಹರಡುತ್ತದೆ. ಬಾಗಿಲಿನ ಸಂದು, ಚರಂಡಿ, ಕೇಬಲ್ ಕಾಲುವೆ, ನೆಲಮಾಳಿಗೆಯ ಮೆಟ್ಟಿಲುಗಳ ಮೂಲಕ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದಲ್ಲಿರುವ ಒಲೆ, ಬೆಸುಗೆಯ ಕಿಡಿ ಅಥವಾ ಬೀಡಿಯ ಬೆಂಕಿ ತಗುಲಿದಾಗ ಜ್ವಾಲೆಯು ಆವಿಯ ಜಾಡನ್ನೇ ಹಿಡಿದು ಮೂಲದ ಡ್ರಮ್ಮಿನವರೆಗೆ ಹಿಂದಿರುಗುತ್ತದೆ. ಸೋರಿಕೆಯ ಸ್ಥಳದಲ್ಲಿ ಬೆಂಕಿ ಇಲ್ಲವೆಂಬ ಕಾರಣಕ್ಕೆ ನಿಶ್ಚಿಂತರಾಗಿರುವುದು ಸರಿಯಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. 20ರಿಂದ 35 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಮುಚ್ಚಿದ ಡ್ರಮ್ಮಿನ ಒಳಗೆ, ದ್ರವದ ಮೇಲಿನ ಖಾಲಿ ಜಾಗದಲ್ಲಿ ಟಾಲುಯಿನ್ ಆವಿಯ ಪ್ರಮಾಣವು ಸುಮಾರು ಶೇಕಡಾ 3ರಿಂದ 7ರ ಒಳಗಿರುತ್ತದೆ. ಅಂದರೆ ಅದು ದಹನ ಮಿತಿಯ ಒಳಗೇ ಇರುತ್ತದೆ. ಪೆಟ್ರೋಲ್ ಟ್ಯಾಂಕಿನ ಒಳಗೆ ಸಾಮಾನ್ಯವಾಗಿ ಆವಿ ಅತಿಯಾಗಿ ತುಂಬಿರುವುದರಿಂದ ಒಳಗಡೆ ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಟಾಲುಯಿನ್ ಡ್ರಮ್ಮಿನ ಒಳಗೆ ಹೊತ್ತಿಕೊಳ್ಳುವ ಮಿಶ್ರಣವು ಸದಾ ಸಿದ್ಧವಾಗಿರುತ್ತದೆ. ಕಿಡಿಯೊಂದೇ ಬಾಕಿ.

ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗ

ಆ ಕಿಡಿಯು ಹುಟ್ಟುವ ಸಂಭವ ಅತ್ಯಂತ ಹೆಚ್ಚಾಗಿರುವುದು ದ್ರಾವಕವನ್ನು ಡ್ರಮ್ಮಿನಿಂದ ಕ್ಯಾನಿಗೆ ಅಥವಾ ಬಕೆಟ್ಟಿಗೆ ಸುರಿಯುವ ಸಮಯದಲ್ಲಿ. ಕೊಳವೆಯಲ್ಲಿ ಹರಿಯುವಾಗ ಹಾಗೂ ಎತ್ತರದಿಂದ ಬಿದ್ದು ಚಿಮ್ಮುವಾಗ ದ್ರವದಲ್ಲಿ ಸ್ಥಿರ ವಿದ್ಯುತ್ತು ಉಂಟಾಗುತ್ತದೆ. ಟಾಲುಯಿನ್ ಆವಿಯನ್ನು ಹೊತ್ತಿಸಲು ಕೇವಲ 0.24 ಮಿಲಿಜೂಲ್ ಶಕ್ತಿ ಸಾಕು. ಲೋಹದ ಹಿಡಿಯನ್ನು ಮುಟ್ಟಿದಾಗ ಬೆರಳಿಗೆ ಚುರುಕ್ಕೆಂದು ಅರಿವಾಗುವ ಕಿಡಿಯಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚಿನ ಶಕ್ತಿ ಇರುತ್ತದೆ. ಮನುಷ್ಯನ ಅರಿವಿಗೇ ಬಾರದ ಕಿಡಿಯೂ ಈ ಆವಿಯನ್ನು ಹೊತ್ತಿಸಬಲ್ಲದು.

ಇದು ಕೇವಲ ಪುಸ್ತಕದ ಮಾತಲ್ಲ. ಅಮೆರಿಕದ ಅಯೋವಾ ರಾಜ್ಯದ ಡೆ ಮೊಯಿನ್ ನಗರದಲ್ಲಿ 2007ರ ಅಕ್ಟೋಬರ್ 29ರಂದು ದ್ರಾವಕಗಳ ದಾಸ್ತಾನು ಮಳಿಗೆಯೊಂದು ಬೆಂಕಿಗೆ ಆಹುತಿಯಾಯಿತು. ಟಾಲುಯಿನ್‌ನಂತೆಯೇ ಸುಲಭವಾಗಿ ಹೊತ್ತಿಕೊಳ್ಳುವ ಈಥೈಲ್ ಅಸಿಟೇಟ್ ಎಂಬ ದ್ರಾವಕವನ್ನು ಸಾಗಿಸಬಹುದಾದ ಉಕ್ಕಿನ ತೊಟ್ಟಿಯೊಂದಕ್ಕೆ ತುಂಬುತ್ತಿದ್ದಾಗ ಈ ಬೆಂಕಿ ಹುಟ್ಟಿತು. ತುಂಬುವ ಕೊಳವೆಯ ಲೋಹದ ಭಾಗಗಳಿಗೆ ತಂತಿ ಜೋಡಣೆ ಮತ್ತು ಭೂಸಂಪರ್ಕ ಇಲ್ಲದಿದ್ದುದನ್ನು ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆಯು ದಾಖಲಿಸಿದೆ.

ಸುರಿಯುವಾಗ ಈ ಕೆಳಕಂಡ ಕ್ರಮಗಳನ್ನು ತಪ್ಪದೆ ಪಾಲಿಸತಕ್ಕದ್ದು:

1. ಡ್ರಮ್ಮನ್ನು ಭೂಸಂಪರ್ಕಕ್ಕೆ ಜೋಡಿಸಿ, ಡ್ರಮ್ ಮತ್ತು ತುಂಬಿಸಿಕೊಳ್ಳುವ ಪಾತ್ರೆ ಎರಡನ್ನೂ ಕ್ಲಿಪ್ ಸಹಿತವಾದ ತಂತಿಯಿಂದ ಒಂದಕ್ಕೊಂದು ಸೇರಿಸಬೇಕು. ಕ್ಲಿಪ್ಪು ಬಣ್ಣದ ಲೇಪವನ್ನು ದಾಟಿ ಲೋಹವನ್ನೇ ಹಿಡಿದಿರಬೇಕು.
2. ಮುಚ್ಚಳ ತೆರೆಯುವ ಮೊದಲು ತಂತಿ ಜೋಡಿಸಬೇಕು; ಸುರಿದು ಮುಗಿಸಿ, ಮುಚ್ಚಳ ಮುಚ್ಚಿದ ನಂತರವೇ ತಂತಿ ತೆಗೆಯಬೇಕು.
3. ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ಕ್ಯಾನ್ ಮತ್ತು ಪ್ಲಾಸ್ಟಿಕ್ ಆಲಿಕೆಗಳನ್ನು ಬಳಸಬಾರದು. ಅವುಗಳ ಮೇಲಿನ ವಿದ್ಯುತ್ತು ತಂತಿಯ ಮೂಲಕ ಭೂಮಿಗೆ ಹರಿದುಹೋಗುವುದಿಲ್ಲ.
4. ಕೊಳವೆಯ ತುದಿಯು ಪಾತ್ರೆಯ ತಳದವರೆಗೆ ಇಳಿದಿರಬೇಕು. ದ್ರವವು ಚಿಮ್ಮದಂತೆ ನಿಧಾನವಾಗಿ ತುಂಬಬೇಕು.
5. ಬಾಯಿಯಿಂದ ಎಳೆದು ಕೊಳವೆಯಲ್ಲಿ ಹರಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಬೇಕು.
6. ಕೆಲಸಗಾರರು ಹತ್ತಿಯ ಉಡುಪು ಧರಿಸುವುದು ಒಳ್ಳೆಯದು. ಮೊಬೈಲ್ ದೂರವಾಣಿ, ಬೆಂಕಿಪೊಟ್ಟಣ ಮತ್ತು ಲೈಟರ್‌ಗಳನ್ನು ಹೊರಗೆ ಇರಿಸಿ ಬರಬೇಕು.

ದಾಸ್ತಾನು ಮತ್ತು ಗಾಳಿ ಸಂಚಾರ

ದಾಸ್ತಾನು ಕೊಠಡಿಯು ಕೆಲಸದ ಸ್ಥಳದಿಂದಲೂ ವಾಸದ ಮನೆಗಳಿಂದಲೂ ಪ್ರತ್ಯೇಕವಾಗಿರಬೇಕು. ನೆಲಮಾಳಿಗೆಯಲ್ಲಿ, ಮೆಟ್ಟಿಲಿನ ಕೆಳಗೆ ಅಥವಾ ಹೊರಹೋಗುವ ದಾರಿಯಲ್ಲಿ ಡ್ರಮ್ಮುಗಳನ್ನು ಇರಿಸಬಾರದು. 2020ರ ನವೆಂಬರ್ 10ರಂದು ಬೆಂಗಳೂರಿನ ಮೈಸೂರು ರಸ್ತೆಗೆ ಸಮೀಪದ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕಗಳ ದಾಸ್ತಾನು ಮಳಿಗೆಯೊಂದಕ್ಕೆ ಬೆಂಕಿ ಬಿದ್ದಾಗ ಸುತ್ತಲಿನ ಮನೆಗಳಿಗೂ ವಾಹನಗಳಿಗೂ ಹಾನಿಯಾಯಿತು. ಜನವಸತಿಯ ನಡುವೆ ದಹನಶೀಲ ವಸ್ತುಗಳನ್ನು ಇರಿಸಿದರೆ ಅದರ ಪರಿಣಾಮವನ್ನು ಆ ವ್ಯವಹಾರಕ್ಕೆ ಯಾವ ಸಂಬಂಧವೂ ಇಲ್ಲದವರು ಅನುಭವಿಸಬೇಕಾಗುತ್ತದೆ.

ಕೊಠಡಿಯ ಗೋಡೆ ಮತ್ತು ಛಾವಣಿ ಬೆಂಕಿ ನಿರೋಧಕವಾಗಿರಬೇಕು. ಒಂದು ಡ್ರಮ್ ಪೂರ್ತಿ ಸೋರಿದರೂ ದ್ರವವು ಹೊರಗೆ ಹರಿಯದಂತೆ ಬಾಗಿಲಿನಲ್ಲಿ ತಡೆಗಟ್ಟೆ ಇರಬೇಕು. ಆವಿ ಕೆಳಗೆ ನಿಲ್ಲುವುದರಿಂದ ಗಾಳಿ ಹೊರಹೋಗುವ ಕಿಂಡಿಗಳು ನೆಲದ ಮಟ್ಟದಲ್ಲಿಯೂ ಇರಬೇಕು. ಛಾವಣಿಯ ಹತ್ತಿರ ಮಾತ್ರ ಕಿಂಡಿ ಇಟ್ಟಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ದೀಪ, ಸ್ವಿಚ್, ಮೋಟಾರ್ ಮತ್ತು ಫ್ಯಾನುಗಳು ಜ್ವಾಲಾ ನಿರೋಧಕ ಮಾದರಿಯವಾಗಿರಬೇಕು. ಆಕ್ಸಿಜನ್ ಸಿಲಿಂಡರ್, ಸಾಂದ್ರ ನೈಟ್ರಿಕ್ ಆಮ್ಲ, ಪರಾಕ್ಸೈಡ್ ಮುಂತಾದ ಉತ್ಕರ್ಷಕಗಳನ್ನು ಇದೇ ಕೊಠಡಿಯಲ್ಲಿ ಇರಿಸಬಾರದು.

ಪ್ರತಿ ಪಾತ್ರೆಯ ಮೇಲೂ ಒಳಗಿರುವ ವಸ್ತುವಿನ ಹೆಸರು ಮತ್ತು ಅಪಾಯದ ಗುರುತು ಕಡ್ಡಾಯವಾಗಿ ಇರತಕ್ಕದ್ದು. ಕುಡಿಯುವ ನೀರಿನ ಬಾಟಲಿಗಳಲ್ಲಿ ಥಿನ್ನರ್ ತುಂಬಿಡುವ ರೂಢಿಯು ಅತ್ಯಂತ ಅಪಾಯಕಾರಿ. ನೀರಿನಂತೆಯೇ ಕಾಣುವ ಈ ದ್ರವವನ್ನು ಬಾಯಾರಿದವರು, ವಿಶೇಷವಾಗಿ ಮಕ್ಕಳು, ಕುಡಿದುಬಿಡುವ ಸಂಭವವಿದೆ.

ಖಾಲಿ ಡ್ರಮ್ಮುಗಳು

ಖಾಲಿ ಎಂದು ಕರೆಯಲಾಗುವ ಡ್ರಮ್ಮಿನ ತಳದಲ್ಲಿ ಸ್ವಲ್ಪ ದ್ರಾವಕ ಉಳಿದೇ ಇರುತ್ತದೆ ಮತ್ತು ಒಳಭಾಗವೆಲ್ಲ ಹೊತ್ತಿಕೊಳ್ಳುವ ಆವಿಯಿಂದ ತುಂಬಿರುತ್ತದೆ. ತುಂಬಿದ ಡ್ರಮ್ಮಿಗಿಂತ ಇಂತಹ ಡ್ರಮ್ಮಿನಲ್ಲಿ ಸ್ಫೋಟಕ ಮಿಶ್ರಣದ ಪ್ರಮಾಣ ಹೆಚ್ಚು. ಇದನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸುವುದು, ಗ್ರೈಂಡರ್ ಹಿಡಿಯುವುದು, ವೆಲ್ಡಿಂಗ್ ಮಾಡುವುದು ಅಥವಾ ಉಳಿ ಸುತ್ತಿಗೆಯಿಂದ ಬಾಯಿ ತೆರೆಯುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುತ್ತದೆ. ಶುಚಿಗೊಳಿಸದ ಡ್ರಮ್ಮುಗಳನ್ನು ನೀರು ತುಂಬಿಡಲು ಮನೆಗಳಿಗೆ ಮಾರುವುದಾಗಲೀ ಗುಜರಿ ಅಂಗಡಿಗೆ ಕೊಡುವುದಾಗಲೀ ಸಲ್ಲದು. ಇವುಗಳನ್ನು ಬಿಗಿಯಾಗಿ ಮುಚ್ಚಿ, ಸರಬರಾಜುದಾರರಿಗೆ ಹಿಂದಿರುಗಿಸಬೇಕು ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತಗೊಂಡ ಘಟಕಕ್ಕೆ ಒಪ್ಪಿಸಬೇಕು.

ಆರೋಗ್ಯದ ಮೇಲಿನ ಪರಿಣಾಮಗಳು

ಟಾಲುಯಿನ್ ಆವಿಯು ಉಸಿರಿನ ಮೂಲಕ ರಕ್ತ ಸೇರಿ ಮೆದುಳಿನ ಮೇಲೆ ಪರಿಣಾಮ ಬೀರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಮತ್ತು ನಡಿಗೆಯಲ್ಲಿ ತೊಡರು ಇದರ ಮೊದಲ ಲಕ್ಷಣಗಳು. ಪ್ರಮಾಣ ಹೆಚ್ಚಾದಲ್ಲಿ ಪ್ರಜ್ಞೆ ತಪ್ಪುತ್ತದೆ. ದಿನದ ಕೊನೆಗೆ ತಲೆ ಭಾರವಾಗಿ, ರಜೆಯ ದಿನ ಸರಿಹೋಗುವ ತಲೆನೋವನ್ನು ಆಯಾಸವೆಂದು ಕಡೆಗಣಿಸದೆ ಕೆಲಸದ ಸ್ಥಳದ ಗಾಳಿಯನ್ನು ಪರೀಕ್ಷಿಸಬೇಕು. ದೀರ್ಘಕಾಲದ ಅತಿಯಾದ ಸೇವನೆಯಿಂದ ನರಮಂಡಲಕ್ಕೆ ಹಾನಿಯಾಗುತ್ತದೆ. ಯಂತ್ರಗಳ ಗದ್ದಲವೂ ಇರುವಲ್ಲಿ ಶ್ರವಣ ಶಕ್ತಿ ಕುಂದುವ ಸಂಭವ ಹೆಚ್ಚುತ್ತದೆ. ಗರ್ಭಿಣಿಯರನ್ನು ಇಂತಹ ಕೆಲಸದಿಂದ ದೂರವಿರಿಸುವುದು ಕ್ಷೇಮಕರ.

ಕಾರ್ಖಾನೆಗಳ ಅಧಿನಿಯಮ, 1948ರ ಎರಡನೇ ಅನುಸೂಚಿಯು 8 ಗಂಟೆಗಳ ಸರಾಸರಿ ಮಿತಿಯನ್ನು 100 ಪಿಪಿಎಂ ಎಂದೂ 15 ನಿಮಿಷಗಳ ಅಲ್ಪಾವಧಿ ಮಿತಿಯನ್ನು 150 ಪಿಪಿಎಂ ಎಂದೂ ನಿಗದಿಪಡಿಸಿತ್ತು. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ. 500 ಪಿಪಿಎಂ ಪ್ರಮಾಣವನ್ನು ಜೀವಕ್ಕೆ ತಕ್ಷಣದ ಅಪಾಯವುಳ್ಳ ಮಟ್ಟವೆಂದು ತಜ್ಞರು ಪರಿಗಣಿಸಿದ್ದಾರೆ. ಬೆಂಕಿ ಹೊತ್ತುವ ಮಟ್ಟವಾದರೋ 11,000 ಪಿಪಿಎಂ. ಆದ್ದರಿಂದ ಬೆಂಕಿಯ ಭಯವಿಲ್ಲದಷ್ಟು ಕಡಿಮೆ ಆವಿಯಿರುವ ಸ್ಥಳವೂ ಉಸಿರಾಟಕ್ಕೆ ಯೋಗ್ಯವೆಂದು ಹೇಳಲಾಗದು.

ವಾಸನೆಯನ್ನು ಅಳತೆಯಾಗಿ ನಂಬಬಾರದು. ಮೂಗು ಸ್ವಲ್ಪ ಹೊತ್ತಿನಲ್ಲಿಯೇ ಈ ವಾಸನೆಗೆ ಒಗ್ಗಿಹೋಗುತ್ತದೆ. ವಾಸನೆ ಕಡಿಮೆಯಾಯಿತೆಂದರೆ ಆವಿ ಕಡಿಮೆಯಾಗಿದೆ ಎಂದು ಅರ್ಥವಲ್ಲ.

ಚರ್ಮಕ್ಕೆ ಪದೇ ಪದೇ ತಗುಲಿದರೆ ಜಿಡ್ಡಿನಂಶ ಹೋಗಿ ಚರ್ಮ ಒಣಗಿ ಬಿರಿಯುತ್ತದೆ. ಕೈಗೆ ಅಂಟಿದ ಬಣ್ಣವನ್ನು ಥಿನ್ನರ್‌ನಿಂದ ತೊಳೆಯುವ ಅಭ್ಯಾಸವನ್ನು ಬಿಡಿಸಿ, ಸಾಬೂನನ್ನು ಒದಗಿಸಬೇಕು. ಸಾಮಾನ್ಯ ರಬ್ಬರ್ ಕೈಗವಸಿನ ಮೂಲಕ ಟಾಲುಯಿನ್ ಬೇಗನೆ ಒಳಸೇರುತ್ತದೆ. ನೈಟ್ರೈಲ್ ಕೈಗವಸು ತುಂತುರು ತಗುಲಿದಾಗ ಅಲ್ಪ ಕಾಲ ಮಾತ್ರ ರಕ್ಷಣೆ ನೀಡುತ್ತದೆ. ದೀರ್ಘಕಾಲದ ಕೆಲಸಕ್ಕೆ ವೈಟಾನ್‌ನಂತಹ ಫ್ಲೋರೋ ರಬ್ಬರ್ ಕೈಗವಸು ಸೂಕ್ತ.

ತುರ್ತು ಸಂದರ್ಭಗಳಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಅ) ದ್ರಾವಕ ಚೆಲ್ಲಿದಾಗ

1. ಕೂಗಿ ಎಲ್ಲರನ್ನೂ ಎಚ್ಚರಿಸಿ, ಗಾಳಿ ಬೀಸಿ ಬರುವ ದಿಕ್ಕಿನತ್ತ ಹೊರಗೆ ಕಳುಹಿಸಬೇಕು.
2. ಬೆಂಕಿ, ವೆಲ್ಡಿಂಗ್, ವಾಹನಗಳ ಎಂಜಿನ್‌ಗಳನ್ನು ನಿಲ್ಲಿಸಬೇಕು. ಆವಿ ಹರಡಿರುವ ಕೊಠಡಿಯೊಳಗಿನ ಸ್ವಿಚ್ಚುಗಳನ್ನು ಹಾಕುವುದಾಗಲೀ ಆರಿಸುವುದಾಗಲೀ ಮಾಡಬಾರದು. ಸ್ವಿಚ್ಚಿನ ಕಿಡಿಯೇ ಸಾಕಾಗುತ್ತದೆ. ಹೊರಗಿರುವ ಮುಖ್ಯ ಸ್ವಿಚ್ಚಿನಿಂದ ವಿದ್ಯುತ್ ಕಡಿತಗೊಳಿಸಬೇಕು.
3. ಬಾಗಿಲು ಕಿಟಕಿಗಳನ್ನು ತೆರೆಯಬೇಕು.
4. ಚರಂಡಿಯ ಬಾಯಿಯನ್ನು ಮರಳಿನ ಚೀಲಗಳಿಂದ ಮುಚ್ಚಬೇಕು. ಚೆಲ್ಲಿದ ದ್ರವವನ್ನು ನೀರು ಹಾಕಿ ತೊಳೆದರೆ ಅಪಾಯವು ಚರಂಡಿಯ ಮೂಲಕ ಬೇರೆಡೆಗೆ ಸಾಗುತ್ತದೆ.
5. ಅಲ್ಪ ಪ್ರಮಾಣವಾದಲ್ಲಿ ಒಣ ಮರಳಿನಿಂದ ಹೀರಿಸಿ, ಕಿಡಿ ಹಾರದ ಸಲಕರಣೆಯಿಂದ ಬಾಚಿ, ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿ ಇರಿಸಬೇಕು. ಮರದ ಹೊಟ್ಟನ್ನು ಬಳಸಬಾರದು.
6. ಡ್ರಮ್ಮೇ ಉರುಳಿ ಸೋರುತ್ತಿದ್ದರೆ ಹೊರಗೆ ಬಂದು 112ಕ್ಕೆ ಅಥವಾ ಅಗ್ನಿಶಾಮಕ ಸೇವೆಯ 101ಕ್ಕೆ ಕರೆ ಮಾಡಬೇಕು. ವಸ್ತುವಿನ ಹೆಸರು, ಅಂದಾಜು ಪ್ರಮಾಣ, ಒಳಗೆ ಉಳಿದವರ ಸಂಖ್ಯೆ ಮತ್ತು ತಲುಪುವ ದಾರಿಯನ್ನು ತಿಳಿಸಬೇಕು.

ಆ) ಬೆಂಕಿ ಹೊತ್ತಿಕೊಂಡಾಗ

ಆರಂಭದ ಸಣ್ಣ ಬೆಂಕಿಯನ್ನು ಒಣ ರಾಸಾಯನಿಕ ಪುಡಿ, ನೊರೆ ಅಥವಾ ಇಂಗಾಲದ ಡೈ ಆಕ್ಸೈಡ್ ನಂದಕದಿಂದ ಆರಿಸಲು ಪ್ರಯತ್ನಿಸಬಹುದು. ನಂದಿಸುವವರ ಬೆನ್ನ ಹಿಂದೆ ಹೊರಹೋಗುವ ದಾರಿ ಇರಬೇಕು. ಒಂದು ನಂದಕದಿಂದ ಆರದಿದ್ದಲ್ಲಿ ಪ್ರಯತ್ನ ನಿಲ್ಲಿಸಿ ಹೊರಬರತಕ್ಕದ್ದು. ನೀರಿನ ನೇರ ಧಾರೆಯನ್ನು ಹಾಯಿಸಬಾರದು. ಉರಿಯುವ ದ್ರವವು ನೀರಿನ ಮೇಲೆ ತೇಲಿ ಬೆಂಕಿ ಮತ್ತಷ್ಟು ಹರಡುತ್ತದೆ. ಪಕ್ಕದ ಡ್ರಮ್ಮುಗಳನ್ನು ತಣ್ಣಗಿರಿಸಲು ದೂರದಿಂದ ನೀರಿನ ತುಂತುರನ್ನು ಬಳಸಬಹುದು. ಬೆಂಕಿಯಲ್ಲಿ ಸಿಲುಕಿದ ಮುಚ್ಚಿದ ಡ್ರಮ್ಮು ಸಿಡಿಯುವ ಸಂಭವವಿರುವುದರಿಂದ ಅಂತಹ ಸಂದರ್ಭದಲ್ಲಿ ಕೆಲಸವನ್ನು ಅಗ್ನಿಶಾಮಕ ಸಿಬ್ಬಂದಿಗೆ ಬಿಟ್ಟುಕೊಡಬೇಕು.

ಇ) ತೊಟ್ಟಿ ಅಥವಾ ಗುಂಡಿಯೊಳಗೆ ವ್ಯಕ್ತಿಯು ಕುಸಿದಾಗ

ತೊಟ್ಟಿಯನ್ನು ಶುಚಿಗೊಳಿಸಲು ಇಳಿದವರು ಕುಸಿದಾಗ ಅವರನ್ನು ಮೇಲೆತ್ತಲು ಇನ್ನೊಬ್ಬರು ಹಾಗೆಯೇ ಇಳಿಯುವುದು ಸಹಜವಾದ ಪ್ರತಿಕ್ರಿಯೆ. ಮೊದಲನೆಯವರನ್ನು ಬೀಳಿಸಿದ ಗಾಳಿಯೇ ಎರಡನೆಯವರನ್ನೂ ಬೀಳಿಸುತ್ತದೆ. ಸ್ನೇಹಿತರೇ ಆಗಿರಲಿ, ಸಹೋದರರೇ ಆಗಿರಲಿ, ಸ್ವಯಂಪೂರ್ಣ ಉಸಿರಾಟ ಸಾಧನವಿಲ್ಲದೆ ಯಾರೂ ಇಳಿಯತಕ್ಕದ್ದಲ್ಲ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯಾಗಲೀ ಶೋಧಕ ಡಬ್ಬಿಯುಳ್ಳ ಮುಖವಾಡವಾಗಲೀ ಇಲ್ಲಿ ಸಾಲದು. ಶೋಧಕವು ಆಮ್ಲಜನಕವನ್ನು ಉತ್ಪತ್ತಿ ಮಾಡುವುದಿಲ್ಲ.

ಇದಕ್ಕೆ ಪರಿಹಾರವನ್ನು ಮೊದಲೇ ಸಿದ್ಧಪಡಿಸಿರಬೇಕು. ತೊಟ್ಟಿಗೆ ಇಳಿಯುವ ಮುನ್ನ ಗಾಳಿ ಹಾಯಿಸಿ, ಆಮ್ಲಜನಕ ಮತ್ತು ಆವಿಯ ಪ್ರಮಾಣವನ್ನು ಉಪಕರಣದಿಂದ ಅಳೆದು, ಲಿಖಿತ ಅನುಮತಿ ಪಡೆದಿರಬೇಕು. ಇಳಿಯುವವರು ಸೊಂಟಪಟ್ಟಿ ಮತ್ತು ಹಗ್ಗ ಧರಿಸಿರಬೇಕು. ಕೆಲಸ ಮುಗಿಯುವವರೆಗೂ ಹೊರಗೆ ಒಬ್ಬರು ನಿಂತು ಗಮನಿಸುತ್ತಿರಬೇಕು. ಹೀಗೆ ಮಾಡಿದ್ದಲ್ಲಿ ಕುಸಿದವರನ್ನು ಹೊರಗಿನಿಂದಲೇ ಎಳೆದು ಉಳಿಸಬಹುದು.

ಈ) ಪ್ರಥಮ ಚಿಕಿತ್ಸೆ

1. ಆವಿ ಸೇವಿಸಿದ್ದಲ್ಲಿ: ಶುದ್ಧ ಗಾಳಿಗೆ ಕರೆತಂದು, ಬಿಗಿಯಾದ ಉಡುಪನ್ನು ಸಡಿಲಿಸಿ ವಿಶ್ರಾಂತಿ ನೀಡಬೇಕು. ಉಸಿರಾಟ ನಿಂತಿದ್ದರೆ ತರಬೇತಿ ಪಡೆದವರು ಕೃತಕ ಉಸಿರಾಟ ನೀಡಬೇಕು. 108ಕ್ಕೆ ಕರೆ ಮಾಡಬೇಕು.
2. ಕಣ್ಣಿಗೆ ಬಿದ್ದಲ್ಲಿ: ರೆಪ್ಪೆಗಳನ್ನು ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಿಂದ ತೊಳೆಯಬೇಕು. ನಂತರ ವೈದ್ಯರಿಗೆ ತೋರಿಸಬೇಕು.
3. ಮೈಗೆ ಅಥವಾ ಉಡುಪಿಗೆ ಬಿದ್ದಲ್ಲಿ: ನೆನೆದ ಉಡುಪನ್ನು ಬೆಂಕಿಯಿಂದ ದೂರದಲ್ಲಿ ಕೂಡಲೇ ಕಳಚಿ, ಸಾಬೂನು ಮತ್ತು ಹೇರಳ ನೀರಿನಿಂದ ತೊಳೆಯಬೇಕು.
4. ನುಂಗಿದ್ದಲ್ಲಿ: ವಾಂತಿ ಮಾಡಿಸಬಾರದು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಇಲ್ಲಿ ಹಾನಿಕರ. ವಾಂತಿಯಾಗುವಾಗ ದ್ರಾವಕವು ಶ್ವಾಸಕೋಶ ಸೇರಿದರೆ ತೀವ್ರ ಉರಿಯೂತ ಉಂಟಾಗುತ್ತದೆ. ತಾನಾಗಿಯೇ ವಾಂತಿಯಾದರೆ ತಲೆಯನ್ನು ಬಾಗಿಸಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಸುರಕ್ಷತಾ ದತ್ತಾಂಶ ಪತ್ರ ಅಥವಾ ಡಬ್ಬದ ಚೀಟಿಯನ್ನು ಜೊತೆಯಲ್ಲಿ ಒಯ್ಯಬೇಕು.

ಉ) ರಸ್ತೆಯಲ್ಲಿ ಟ್ಯಾಂಕರ್ ಉರುಳಿದಾಗ

ಅಪಾಯಕಾರಿ ವಸ್ತು ಸಾಗಿಸುವ ವಾಹನದ ಮೇಲೆ ತುರ್ತು ಮಾಹಿತಿ ಫಲಕವಿರುತ್ತದೆ. ಅದರಲ್ಲಿ 1294 ಎಂಬ ಸಂಖ್ಯೆ ಕಂಡುಬಂದರೆ ಒಳಗಿರುವುದು ಟಾಲುಯಿನ್. ಸಂಖ್ಯೆಯನ್ನು ದೂರದಿಂದಲೇ ಓದಿ 112ಕ್ಕೆ ತಿಳಿಸುವುದು ಸಾರ್ವಜನಿಕರು ಮಾಡಬಹುದಾದ ಬಹುದೊಡ್ಡ ಸಹಾಯ. ಸೋರಿಕೆಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 50 ಮೀಟರ್, ಭಾರಿ ಸೋರಿಕೆಯಾಗಿದ್ದಲ್ಲಿ ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ ಕನಿಷ್ಠ 300 ಮೀಟರ್, ಟ್ಯಾಂಕರಿಗೆ ಬೆಂಕಿ ತಗುಲಿದ್ದಲ್ಲಿ ಎಲ್ಲ ದಿಕ್ಕಿಗೂ 800 ಮೀಟರ್ ದೂರ ಸರಿಯತಕ್ಕದ್ದು. ಚೆಲ್ಲಿದ ದ್ರವವನ್ನು ಇಂಧನವೆಂದು ಭಾವಿಸಿ ಕೊಡಗಳಲ್ಲಿ ತುಂಬಿಕೊಳ್ಳಲು ಹತ್ತಿರ ಹೋಗುವುದು ಪ್ರಾಣಕ್ಕೆ ಎರವಾಗುತ್ತದೆ.

ಅನ್ವಯಿಸುವ ಕಾನೂನುಗಳು ಮತ್ತು ಅರ್ಜಿದಾರರು ಗಮನಿಸಬೇಕಾದ ಅಂಶಗಳು

1984ರ ಡಿಸೆಂಬರ್‌ನಲ್ಲಿ ಸಂಭವಿಸಿದ ಭೋಪಾಲ್ ಅನಿಲ ದುರಂತದ ನಂತರ 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿ ತರಲಾಯಿತು. ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಮಾಹಿತಿ ನೀಡುವುದು ಅಧಿಭೋಗದಾರರ ಕರ್ತವ್ಯವೆಂದು ಅದರಲ್ಲಿ ವಿಧಿಸಲಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಆ ಅಧಿನಿಯಮದ ಸ್ಥಾನವನ್ನು ಪಡೆದಿದ್ದು, ಅಪಾಯಕಾರಿ ಪ್ರಕ್ರಿಯೆಗಳಿಗೆ ಸಂಬಂಧಿಸಿದ ಕರ್ತವ್ಯಗಳು ಅದರಲ್ಲಿಯೂ ಮುಂದುವರಿದಿವೆ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮ ಮತ್ತು ನಮೂನೆಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.

1. ಪೆಟ್ರೋಲಿಯಂ ಅಧಿನಿಯಮ, 1934: ಜ್ವಲನ ಬಿಂದುವು 23 ಡಿಗ್ರಿ ಸೆಲ್ಷಿಯಸ್‌ಗಿಂತ ಕಡಿಮೆ ಇರುವುದರಿಂದ ಟಾಲುಯಿನ್ ‘ಎ’ ವರ್ಗಕ್ಕೆ ಸೇರುತ್ತದೆ. ಮಾರಾಟದ ಉದ್ದೇಶವಿಲ್ಲದೆ ಒಟ್ಟು 30 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಇರಿಸಿಕೊಳ್ಳಬಹುದು. ಆದರೆ ಬಿಗಿಯಾಗಿ ಮುಚ್ಚಿದ ಲೋಹದ ಪಾತ್ರೆಯು 25 ಲೀಟರ್, ಗಾಜಿನ ಅಥವಾ ಪಿಂಗಾಣಿ ಮಾದರಿಯ ಪಾತ್ರೆಯು 1 ಲೀಟರ್ ಮೀರಿರಬಾರದು. ಪರವಾನಗಿಗೆ ಸಂಬಂಧಿಸಿದ ವಿಷಯಗಳನ್ನು ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು (ಪೆಸೊ) ನೋಡಿಕೊಳ್ಳುತ್ತದೆ.
2. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು, 1989: ಪಾತ್ರೆಗಳಿಗೆ ಗುರುತು ಚೀಟಿ ಅಂಟಿಸುವುದು ಮತ್ತು ಸುರಕ್ಷತಾ ದತ್ತಾಂಶ ಪತ್ರ ಇರಿಸುವುದು ಈ ನಿಯಮಗಳಲ್ಲಿ ಸೇರಿದೆ.
3. ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು, 2016: ಬಳಸಿ ಉಳಿದ ದ್ರಾವಕವು ಅಪಾಯಕಾರಿ ತ್ಯಾಜ್ಯ. ಇದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರ ಪತ್ರ ಅಗತ್ಯವಿದ್ದು, ಸಾಮಾನ್ಯವಾಗಿ 90 ದಿನಗಳನ್ನು ಮೀರಿ ಘಟಕದಲ್ಲಿ ದಾಸ್ತಾನು ಇರಿಸುವಂತಿಲ್ಲ.

ಅರ್ಜಿಯೊಡನೆ ಸಲ್ಲಿಸುವ ನಕ್ಷೆಯಲ್ಲಿ ದ್ರಾವಕದ ಕೊಠಡಿ, ಗಾಳಿ ಹೊರಹೋಗುವ ಕಿಂಡಿಗಳು, ಮುಖ್ಯ ವಿದ್ಯುತ್ ಸ್ವಿಚ್ಚು, ನಂದಕಗಳು ಮತ್ತು ಎರಡು ಕಡೆಯ ಹೊರದಾರಿಗಳನ್ನು ಸ್ಪಷ್ಟವಾಗಿ ತೋರಿಸುವುದು ಸೂಕ್ತ. ಗರಿಷ್ಠ ದಾಸ್ತಾನನ್ನು ವಾಸ್ತವಕ್ಕಿಂತ ಕಡಿಮೆ ನಮೂದಿಸಿದಲ್ಲಿ, ಬೆಂಕಿ ಬಿದ್ದ ದಿನ ಅಗ್ನಿಶಾಮಕ ಸಿಬ್ಬಂದಿಯು ಆ ತಪ್ಪು ಅಂಕಿಯನ್ನು ನಂಬಿ ಒಳಗೆ ಹೋಗುತ್ತಾರೆ ಎಂಬುದನ್ನು ನೆನಪಿನಲ್ಲಿಡಬೇಕು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಘಟಕದಲ್ಲಿ ಒಂದೇ ಒಂದು ಡ್ರಮ್ ಟಾಲುಯಿನ್ ಇದೆ. ಪರವಾನಗಿ ಬೇಕೆ?
ಉತ್ತರ: ಒಂದು ಡ್ರಮ್ ಎಂದರೆ 200 ಲೀಟರ್. ಇದು 30 ಲೀಟರ್‌ಗಳ ವಿನಾಯಿತಿಯನ್ನು ಮೀರುವುದರಿಂದ ಪರವಾನಗಿಯ ಬಗ್ಗೆ ಪೆಸೊ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಪ್ರಶ್ನೆ: ಥಿನ್ನರ್ ಡಬ್ಬದ ಮೇಲೆ ಟಾಲುಯಿನ್ ಎಂದು ಬರೆದಿಲ್ಲ. ತಿಳಿಯುವುದು ಹೇಗೆ?
ಉತ್ತರ: ಸರಬರಾಜುದಾರರಿಂದ ಸುರಕ್ಷತಾ ದತ್ತಾಂಶ ಪತ್ರವನ್ನು ಕೇಳಿ ಪಡೆಯಬೇಕು. ಅದನ್ನು ನೀಡದವರಿಂದ ಖರೀದಿಸದಿರುವುದು ಉತ್ತಮ.

ಪ್ರಶ್ನೆ: ಬಟ್ಟೆಯ ಅಥವಾ ಧೂಳಿನ ಮುಖಗವಸು ಸಾಕೆ?
ಉತ್ತರ: ಸಾಲದು. ಅವು ಧೂಳನ್ನು ತಡೆಯುತ್ತವೆಯೇ ಹೊರತು ಆವಿಯನ್ನು ತಡೆಯುವುದಿಲ್ಲ. ತೆರೆದ ಸ್ಥಳದ ಅಲ್ಪ ಪ್ರಮಾಣಕ್ಕೆ ಸಾವಯವ ಆವಿ ಶೋಧಕವುಳ್ಳ ಮುಖವಾಡ ಬೇಕು. ಮುಚ್ಚಿದ ಸ್ಥಳಕ್ಕೆ ಅದೂ ಸಾಲದು.

ಪ್ರಶ್ನೆ: ಮನೆಯ ಪಕ್ಕದ ಮಳಿಗೆಯಲ್ಲಿ ಡ್ರಮ್ಮುಗಳಿವೆ, ಸದಾ ಥಿನ್ನರ್ ವಾಸನೆ ಬರುತ್ತದೆ. ಯಾರಿಗೆ ತಿಳಿಸಬೇಕು?
ಉತ್ತರ: ಸ್ಥಳೀಯ ಸಂಸ್ಥೆ, ಅಗ್ನಿಶಾಮಕ ಠಾಣೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಕಾರ್ಖಾನೆಗಳ ಇಲಾಖೆಯ ವಲಯ ಕಚೇರಿಗೆ ಲಿಖಿತವಾಗಿ ತಿಳಿಸಬಹುದು. ವಾಸನೆ ಹಠಾತ್ತನೆ ತೀವ್ರವಾದಲ್ಲಿ 112ಕ್ಕೆ ಕರೆ ಮಾಡಬೇಕು.

ಮುಕ್ತಾಯ

ಭೂಸಂಪರ್ಕದ ತಂತಿ, ನೆಲಮಟ್ಟದ ಕಿಂಡಿ, ಬಿಗಿಯಾದ ಮುಚ್ಚಳ, ಹೊರಗೆ ನಿಂತು ಹಗ್ಗ ಹಿಡಿದ ಒಬ್ಬ ವ್ಯಕ್ತಿ: ಇವು ಯಾವ ಸಣ್ಣ ಘಟಕದ ಶಕ್ತಿಯನ್ನೂ ಮೀರಿದ ವೆಚ್ಚಗಳಲ್ಲ. ತುರ್ತು ದೂರವಾಣಿ ಸಂಖ್ಯೆಗಳನ್ನೂ ಈ ಪುಟದ ತುರ್ತು ಕ್ರಮಗಳನ್ನೂ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಮುದ್ರಿಸಿ ದ್ರಾವಕದ ಕೊಠಡಿಯ ಹೊರಗೋಡೆಯ ಮೇಲೆ ಪ್ರದರ್ಶಿಸತಕ್ಕದ್ದು. ಕನಿಷ್ಠ ಆರು ತಿಂಗಳಿಗೊಮ್ಮೆ ಎಲ್ಲರೂ ಸೇರಿ ಅಭ್ಯಾಸ ನಡೆಸುವುದು ಸೂಕ್ತ. ಹೆಚ್ಚಿನ ವಿವರಗಳಿಗೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಸಂಬಂಧಪಟ್ಟ ವಲಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.